ಹಿಂದಿನ ಸಾಲಿನಲ್ಲಿ ಕೂತಿದ್ದವರಿಗೆ

ಬತ್ತಿದ ನದಿಯ ಬಗ್ಗೆ ನನ್ನ ಸಿನಿಮಾ ಪಿಚ್ ಮಾಡಲು, ಅಂದರೆ ಅದರ ಐಡಿಯಾ ಮುಂದಿಟ್ಟು ಒಪ್ಪಿಸಲು, ನನಗೆ ಸಿಕ್ಕಿದ್ದು 7 ನಿಮಿಷ. ಅದರಲ್ಲಿ 5 ನಿಮಿಷ ನದಿ ಯಾಕೆ ಬತ್ತಿತು ಅಂತ ಪಾಠ ಮಾಡಿದೆ. ಹೊರಗೆ ಬಂದಾಗ ನೀವು ಹಿಂದೆಯೇ ಬಂದಿರಿ. “ವಿಷಯ ಸರಿ, ಸಿನಿಮಾ ಎಲ್ಲಿ? ಕ್ಯಾಮೆರಾ ಯಾರ ಹಿಂದೆ ಹೋಗುತ್ತೆ?” ಅಂದಿರಿ. ಸಿಟ್ಟು ಬಂದಿದ್ದು ನಿಜ. ಆದರೆ ಟೀಸರ್‌ನಲ್ಲಿ 3 ಸೆಕೆಂಡ್ ಮಾತ್ರ ಇದ್ದ ಅಜ್ಜನನ್ನು ನೀವೊಬ್ಬರೇ ಗಮನಿಸಿದ್ದಿರಿ. “ನೀರೇ ಇಲ್ಲ, ದೋಣಿ ಒರೆಸುತ್ತಿದ್ದಾರಲ್ಲ, ಯಾಕೆ ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಮರುವಾರ ಹೋಗಿ ಕೇಳಿದೆ. ಅಜ್ಜ ಎರಡು ಗಂಟೆ ಮಾತಾಡಿದರು.

ಈಗ ಲಾಗ್‌ಲೈನ್ (ಸಿನಿಮಾ ಏನು ಅಂತ ಒಂದೆರಡು ಸಾಲಲ್ಲಿ ಹೇಳುವುದು) ಶುರುವಾಗುವುದೇ ಅವರಿಂದ. ಡ್ರೋನ್ ಶಾಟ್ ಜಾಸ್ತಿ ಇದ್ದವು, ತೆಗೆದುಹಾಕಿದೆ. (ಬಾಡಿಗೆ ನೆನೆದು ಹೊಟ್ಟೆ ಉರಿಯಿತು!) ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ಎಲ್ಲಿದ್ದರೂ ತುಂಬಾ ಥ್ಯಾಂಕ್ಸ್.