ಬಸವನಹುಳುವಿಗೆ ವಿಷವಿಡುವ ಮೊದಲು ಜಾತಿ ತಿಳಿಯಲಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಸಕಲೇಶಪುರ, ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಬಸವನಹುಳುಗಳ ಕಾಟ ಶುರುವಾಗುತ್ತದೆ. ಅಂಗಡಿಯಿಂದ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ತಂದು ಬುಡಕ್ಕೆ ಎರಚುವುದೂ ಅದರ ಜೊತೆಗೇ ಶುರುವಾಗುತ್ತದೆ. ನಾವು ಕೊಲ್ಲುತ್ತಿರುವುದು ಯಾವ ಹುಳುವನ್ನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಚಿಪ್ಪಿದ್ದದ್ದು, ಇಲ್ಲದ್ದು ಎಲ್ಲವೂ ನಮ್ಮಲ್ಲಿ ಬಸವನಹುಳುವೇ. ಆದರೆ ಆಫ್ರಿಕನ್ ದೈತ್ಯ ಬಸವನಹುಳು 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತಕ್ಕೆ ತಂದು ಬಿಡಲಾದ ಪರದೇಶಿ. ಚಪ್ಪಟೆ ಮೈಯ, ಚಿಪ್ಪಿಲ್ಲದ ಲೇವಿಕಾಲಿಸ್ ಆಲ್ಟೆ ಎಂಬುದೂ ಆಫ್ರಿಕಾ ಮೂಲದ್ದೇ. ಮರಿಯೆಲ್ಲಾ ದುಸ್ಸುಮಿಯೆರಿ ಎಂಬ ಹುಳು ಬೆಳೆಗೆ ಹಾನಿ ಮಾಡುತ್ತದೆ, ಆದರೂ ಪಶ್ಚಿಮಘಟ್ಟದ್ದೇ ಜೀವಿ. ಇನ್ನು ಇಂಡ್ರೆಲ್ಲಾ ಆಂಪುಲ್ಲಾ ಎಂಬ ಹುಳು ಈ ಘಟ್ಟವನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಗುಳಿಗೆಗೆ ಈ ವ್ಯತ್ಯಾಸ ತಿಳಿಯದು, ತೋಟದ ನಾಯಿಯೂ ಅದನ್ನು ತಿಂದು ಸಾಯಬಹುದು.

ಈ ವಿಚಾರದಲ್ಲಿ ವಿಜ್ಞಾನ ಬಹುದೂರ ಸಾಗಿದೆ. ಆಫ್ರಿಕನ್ ದೈತ್ಯ ಬಸವನಹುಳುವಿನ ಜೀನೋಮ್, ಅಂದರೆ ಅದರ ಇಡೀ ವಂಶವಾಹಿ ಮಾಹಿತಿ, 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 31 ಜೋಡಿ ವರ್ಣತಂತುಗಳಿವೆ. ಈ ಕುಲದ ಪೂರ್ವಜರಲ್ಲಿ ಸುಮಾರು 7 ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್ ಇಮ್ಮಡಿಯಾಯಿತೆಂದೂ, ಹಾಗೆ ಹೆಚ್ಚುವರಿಯಾಗಿ ಉಳಿದ ವಂಶವಾಹಿಗಳು ಬೇಸಿಗೆಯಲ್ಲಿ ಚಿಪ್ಪಿನೊಳಗೆ ಸುಪ್ತವಾಗಿರಲು, ರೋಗವನ್ನು ತಡೆದುಕೊಳ್ಳಲು ನೆರವಾಗಿರಬಹುದೆಂದೂ ಸಂಶೋಧಕರು ಹೇಳುತ್ತಾರೆ. ಯುರೋಪಿನ ತೋಟಗಳನ್ನು ಕಾಡುವ, ಚಿಪ್ಪಿಲ್ಲದ ಆರಿಯಾನ್ ವಲ್ಗಾರಿಸ್‌ನ ಜೀನೋಮ್ 2022ರಲ್ಲಿ ಹೊರಬಂತು. ಅದು ಸ್ಪೇನಿನಿಂದ ಹಬ್ಬಿದ್ದೆಂದು ದಶಕಗಳ ಕಾಲ ನಂಬಿದ್ದವರಿಗೆ, ಆ ನಂಬಿಕೆಯನ್ನೇ ಪ್ರಶ್ನಿಸುವ ವಂಶವಾಹಿ ಅಧ್ಯಯನ 2014ರಷ್ಟು ಹಿಂದೆಯೇ ಎದುರಾಗಿತ್ತು. ಹುಳು ಎಲ್ಲಿಂದ, ಯಾವ ದಾರಿಯಲ್ಲಿ ಬಂತೆಂಬುದನ್ನು ಊಹೆಗೆ ಬಿಡಬಾರದೆನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದು ಪ್ರಯೋಗಾಲಯದವರ ಚಿಂತೆ, ಬೆಳೆಗಾರನಿಗೇಕೆ ಎನ್ನುವವರಿದ್ದಾರೆ. ನರ್ಸರಿಯಿಂದ ತಂದ ಮೆಣಸಿನ ಗಿಡದ ಪಾಲಿಥೀನ್ ಚೀಲವನ್ನು ಹರಿದು ನೋಡಿದರೆ, ಬೇರಿನ ಪಕ್ಕದ ಮಣ್ಣಿನಲ್ಲಿ ನೆನೆದ ಸಾಬಕ್ಕಿಯಂತಹ ಮೊಟ್ಟೆಗಳ ಗೊಂಚಲು ಕೆಲವೊಮ್ಮೆ ಕಾಣುತ್ತದೆ. ಆಫ್ರಿಕನ್ ಹುಳು ಒಂದು ಸಲಕ್ಕೆ ನೂರಾರು ಮೊಟ್ಟೆ ಇಡಬಲ್ಲದು, ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲೇ ಕಾಪಿಡಬಲ್ಲದು. ಎರಡು ಊರುಗಳ ಹುಳುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರೆ ಅವು ಗಿಡದ ಚೀಲದಲ್ಲಿ ಬಂದವೋ, ಮರದ ಲಾರಿಯಲ್ಲಿ ಬಂದವೋ ಎಂಬ ಸುಳಿವಾದರೂ ಸಿಗಬಹುದು; ತಡೆಯಬೇಕಾದದ್ದು ಆ ದಾರಿಯನ್ನು.

ಜಾತಿ ಗುರುತಿಸದೆ ಶತ್ರುವಿಗೆ ಶತ್ರುವನ್ನು ತಂದು ಬಿಡುವುದಂತೂ ಬೇಡವೇ ಬೇಡ. ಇದೇ ಆಫ್ರಿಕನ್ ಹುಳುವನ್ನು ಹತೋಟಿಗೆ ತರಲೆಂದು 1955ರಲ್ಲಿ ಹವಾಯಿಗೆ ಒಯ್ದ ಬೇಟೆಗಾರ ಬಸವನಹುಳು ಅಲ್ಲಿನ ನಾಡಹುಳುಗಳನ್ನೇ ತಿಂದುಹಾಕಿತು.

ಪ್ರತಿ ಹುಳುವಿನ ಪೂರ್ಣ ಜೀನೋಮ್ ಓದಿಸಬೇಕೆಂದು ನಾನು ಕೇಳುತ್ತಿಲ್ಲ. ಜಾತಿ ಪತ್ತೆಗೆ ವಂಶವಾಹಿಯ ಒಂದು ತುಣುಕನ್ನು ಓದುವ ಡಿಎನ್‌ಎ ಬಾರ್‌ಕೋಡಿಂಗ್ ಬಹುತೇಕ ಸಾಕು, ಖರ್ಚೂ ಕಡಿಮೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೂ ಮೂಡಿಗೆರೆಯ ತೋಟಗಾರಿಕಾ ಕಾಲೇಜೂ ಸೇರಿ ಮುಂದಿನ ಮಳೆಗಾಲದಲ್ಲಿ ಹೋಬಳಿವಾರು ಮಾದರಿಗಳನ್ನು ಸಂಗ್ರಹಿಸಲಿ. ಹುಳುವನ್ನು ಸ್ಪಿರಿಟ್ ತುಂಬಿದ ಶೀಸೆಯಲ್ಲಿ ಹಾಕಿ, ತೋಟದ ಹೆಸರು, ತಾರೀಖು ಬರೆದು ಕೊಡುವಷ್ಟು ಕೆಲಸವನ್ನು ಬೆಳೆಗಾರರ ಸಂಘಗಳೇ ವಹಿಸಿಕೊಳ್ಳಬಹುದು. ಫಲಿತಾಂಶ ಕನ್ನಡದಲ್ಲಿ, ಚಿತ್ರಸಹಿತವಾಗಿ, ಗುಳಿಗೆ ಮಾರುವ ಅಂಗಡಿಗಳ ಗೋಡೆಯ ಮೇಲೂ ಇರಲಿ.

ಇತಿ,
ಒಬ್ಬ ಕಾಫಿ ಬೆಳೆಗಾರ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ