‘ಕಂಡುಬಂದಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ, ಸಚಿವರೇ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,

ಉತ್ತರ ಕನ್ನಡದ ಸಿದ್ದಾಪುರದ ಕಡೆಯಿಂದ ನಮಸ್ಕಾರ. ಈ ಪತ್ರ ನಮ್ಮ ರಾಂಪತ್ರೆ ಜಡ್ಡಿಗಳ, ಅಂದರೆ ರಾಂಪತ್ರೆ ಮರಗಳ ಜೌಗು ಕಾಡುಗಳ ಬಗ್ಗೆ; ಇಂಥಲ್ಲಿನ ಜೀವಿ ಸರ್ವೆಯಲ್ಲಿ ‘ಕಂಡುಬಂದಿಲ್ಲ’ ಎಂದು ಬರೆದುಬಿಡುವ ಯೋಜನಾ ಕಡತಗಳ ಬಗ್ಗೆ. ಸದಾ ನೀರು ಜಿನುಗುವ ಕೆಸರು ನೆಲ, ಊರುಗಾಲು ಬಿಟ್ಟು ನಿಂತ ಮರಗಳು, ಉಸಿರಿಗಾಗಿ ಕೆಸರಿನಿಂದ ಮಂಡಿಯೆತ್ತಿದ ಬೇರುಗಳು. ಕೆಳಗಿನ ಅಡಿಕೆ ತೋಟಗಳಿಗೂ ಇದೇ ನೀರು.

ಈ ತಂಪಿನಲ್ಲಿ ಮಲಬಾರ್ ಟ್ರೀ ನಿಂಫ್ ಎಂಬ ಚಿಟ್ಟೆ ಇದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೇರೆ ದಟ್ಟ ಕಾಡಿನಲ್ಲೂ ಇರುತ್ತದೆ, ಆದರೆ ಜಡ್ಡಿಯ ನೆರಳೆಂದರೆ ಅದಕ್ಕೆ ಇಷ್ಟ. ರೆಕ್ಕೆ ಬಿಚ್ಚಿದರೆ 12ರಿಂದ 15 ಸೆಂಟಿಮೀಟರ್. ಇಷ್ಟು ದೊಡ್ಡದು ಕಣ್ಣಿಗೆ ಬೀಳದೇ ಇರುತ್ತದಾ? ಇರುತ್ತದೆ. ಮರಗಳ ತುದಿಯಲ್ಲಿ ರೆಕ್ಕೆ ಹೆಚ್ಚು ಬಡಿಯದೆ ತೇಲುತ್ತದೆ. ಕೆಳಗಿನಿಂದ ನೋಡಿದರೆ ಗಾಳಿಗೆ ಸಿಕ್ಕ ಕಾಗದದ ಚೂರು. ಗ್ಲಾಸಿ ಟೈಗರ್ ಎಂಬ ಇನ್ನೊಂದು ಚಿಟ್ಟೆ ಅಂದುಕೊಂಡು ಬಿಡುವವರೂ ಇದ್ದಾರೆ. ಅದು ಚಿಕ್ಕದು, ರೆಕ್ಕೆಯ ಮೇಲೆ ಗೆರೆಗಳು. ಇದರ ಬಿಳಿ ರೆಕ್ಕೆಯ ತುಂಬ ಕಪ್ಪು ಚುಕ್ಕೆ.

ಗೊತ್ತಿರುವವರು ಸುಮ್ನೆ ಮೇಲೆ ನೋಡುತ್ತಾ ನಿಲ್ಲುವುದಿಲ್ಲ. ಮೊದಲು ಬಳ್ಳಿ ಹುಡುಕುತ್ತಾರೆ. ಕಣಗಿಲೆ ಕುಟುಂಬದ ಅಗನೋಸ್ಮ ಬಳ್ಳಿಯ ಎಲೆ ತಿಂದು ಇದರ ಹುಳು ಬೆಳೆಯುತ್ತದೆ. ಕೋಶವೋ, ಚಿನ್ನದ ಬಣ್ಣ. ಬಳ್ಳಿಯ ವಿಷ ಮೈಗೂಡಿರುವುದರಿಂದಲೇ ಹಕ್ಕಿಗಳಿಗೆ ಹೆದರದೆ ಅಷ್ಟು ನಿಧಾನ ಹಾರುತ್ತದೆ. ಎಲೆ ತಿರುಗಿಸಿ ನೋಡುವ ಈ ಕೆಲಸಕ್ಕೆ ತಾಳ್ಮೆ ಬೇಕು, ಸರಿಯಾದ ಋತುವೂ ಬೇಕು.

ರಸ್ತೆ ಅಗಲೀಕರಣವಿರಲಿ, ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಶರಾವತಿಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಇರಲಿ, ನಿಮ್ಮ ಮೇಜಿಗೆ ಬರುವ ಕಡತದಲ್ಲಿ ‘ಕಂಡುಬಂದಿಲ್ಲ’ ಎಂಬ ಮಾತಿದ್ದರೆ ದಯವಿಟ್ಟು ಒಂದು ಪ್ರಶ್ನೆ ಕೇಳಿ: ಯಾವ ತಿಂಗಳಲ್ಲಿ, ಎಷ್ಟು ದಿನ ಹುಡುಕಿದಿರಿ? ನಮ್ಮ ಕತ್ತಲೆಕಾನಿನ ಜಡ್ಡಿಯಲ್ಲಿ ಒಂದು ದೊಡ್ಡ ಮರವೇ 2000ದವರೆಗೆ ವಿಜ್ಞಾನದ ಪಟ್ಟಿಗೆ ಸೇರಿರಲಿಲ್ಲ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಅದರ ಹೆಸರು. ನಿಂತಲ್ಲೇ ನಿಂತ ಮರದ ಕಥೆಯೇ ಹೀಗಾದರೆ ಹಾರುವ ಚಿಟ್ಟೆಯ ಪಾಡೇನು?

2019ರಲ್ಲಿ ಸಿಂಗಳೀಕ ಅಭಯಾರಣ್ಯ ದೊಡ್ಡದಾಯಿತು, ಸಂತೋಷ. ಆದರೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ನಡುವೆ ಸಿಕ್ಕಿಕೊಂಡ ಸಣ್ಣ ಜಡ್ಡಿಗಳನ್ನು ಕೇಳುವವರು ಯಾರು? ಅವುಗಳ ನಕ್ಷೆ ಮಾಡಿಸಿ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಸರ್ವೆ ಮಾಡದೆ ಜಡ್ಡಿ ಇರುವ ಜಾಗದ ಯಾವ ಕಡತಕ್ಕೂ ಸಹಿ ಹಾಕಬೇಡಿ. ಬಳ್ಳಿ ತೋರಿಸಲು ಊರಿನವರು ಜೊತೆಗೆ ಬರುತ್ತೇವೆ. ಕಾಲಿಗೆ ಹತ್ತುವ ಇಂಬಳದ (ಜಿಗಣೆಯ) ಹೊಣೆ ಮಾತ್ರ ಇಲಾಖೆಯವರದು!

ಇಂತಿ,
ಸಿದ್ದಾಪುರ ತಾಲ್ಲೂಕಿನ ಒಬ್ಬ ನಾಗರಿಕ