ಇ-ರೀಡರ್ ತೆರೆಯಲು ಖಾತೆ ಏಕೆ?

ಮಾನ್ಯ ಸಂಪಾದಕರೇ,

ಇ-ಪುಸ್ತಕ ಓದುವ ಸಾಧನವಾದ ಇ-ರೀಡರ್ ಕೊಳ್ಳುವವರಿಗಾಗಿ ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಬಂದ ಮಾರ್ಗದರ್ಶಿ ಲೇಖನದಲ್ಲಿ ಪರದೆಯ ಅಳತೆ, ಬ್ಯಾಟರಿಯ ಬಾಳಿಕೆ, ನೀರು ಬಿದ್ದರೆ ಏನಾದೀತು ಎಂಬುದೆಲ್ಲ ಚೆನ್ನಾಗಿತ್ತು. ಆದರೆ ಸಾಧನವನ್ನು ವೈ-ಫೈಗೆ ಸೇರಿಸಿ, ಕಂಪನಿಯಲ್ಲಿ ಖಾತೆ ತೆರೆದ ಮೇಲೆ ಓದಲು ಶುರು ಮಾಡಬಹುದು ಎಂದು ಅದರಲ್ಲಿ ಬರೆದಿದ್ದು ಸರಿಯಲ್ಲ. ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಇಪಬ್ ಅಥವಾ ಪಿಡಿಎಫ್ ರೂಪದ ಪುಸ್ತಕ ಓದಲು ಖಾತೆಯೂ ಬೇಡ, ವೈ-ಫೈಯೂ ಬೇಡ. ಅವು ಬೇಕಿರುವುದು ಅಂಗಡಿ ನಡೆಸುವವರಿಗೆ.

ಖಾತೆ ತೆರೆದರೆ ಹೋಗುವುದು ಇಮೇಲ್ ವಿಳಾಸ ಮಾತ್ರವಲ್ಲ. ಕೋಬೊ ಕಂಪನಿಯ ಇ-ರೀಡರಿನಲ್ಲಿ 'ಕೋಬೊರೀಡರ್' ಎಂಬ ಎಸ್‌ಕ್ಯೂಲೈಟ್ ಡೇಟಾಬೇಸ್, ಅಂದರೆ ದಾಖಲೆಗಳ ಫೈಲ್, ಇದೆ. ಅದರೊಳಗೆ 'ಅನಲಿಟಿಕ್ಸ್ ಇವೆಂಟ್ಸ್' ಎಂಬ ಟೇಬಲ್. ಪುಸ್ತಕ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬಂಥ ವಿವರಗಳು ಅಲ್ಲಿ ವೇಳೆಯ ಸಮೇತ ಸೇರುತ್ತ ಹೋಗುತ್ತವೆ, ಸಿಂಕ್ ಆದಾಗ ಕಂಪನಿಗೆ ತಲುಪುತ್ತವೆ. ಇದನ್ನು ಅತಿ ಅನುಮಾನ ಎನ್ನುವವರು ಹಿಂದಿನದನ್ನು ನೋಡಲಿ. 2009ರ ಜುಲೈನಲ್ಲಿ ಅಮೆಜಾನ್, ತಾನೇ ಮಾರಿದ ಪುಸ್ತಕಗಳನ್ನು ಕಿಂಡಲ್‌ಗಳಿಂದ (ಅದರದೇ ಇ-ರೀಡರ್‌ಗಳು) ದೂರದಿಂದಲೇ ಅಳಿಸಿತು. 2014ರಲ್ಲಿ ಅಡೋಬಿಯ ಡಿಜಿಟಲ್ ಎಡಿಷನ್ಸ್ 4 ಎಂಬ ಇ-ಪುಸ್ತಕ ಓದುವ ತಂತ್ರಾಂಶ, ಓದಿನ ವಿವರಗಳನ್ನು ಗೂಢಲಿಪಿಯಿಲ್ಲದೆ ಸರ್ವರಿಗೆ ಕಳಿಸುತ್ತಿದ್ದುದು ಬಯಲಾಯಿತು. ಅದೇ ನೆಟ್‌ವರ್ಕ್‌ನಲ್ಲಿದ್ದ ಮೂರನೆಯವರೂ ಅದನ್ನು ಓದಬಹುದಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕ ಉಳಿಯಲಿಲ್ಲ.

ಇದಕ್ಕೆ ಪರಿಹಾರವೆಂದು ಸಾಧನವನ್ನು ಬಿಚ್ಚುವುದೋ, ಕಂಪನಿ ಹಾಕಿದ ತಂತ್ರಾಂಶದ ಬೀಗ ಮುರಿದು ಜೈಲ್‌ಬ್ರೇಕ್ ಮಾಡುವುದೋ ಹೆಚ್ಚಿನವರಿಗೆ ಅನಗತ್ಯ. ಮೊದಲ ಸಲ ಆನ್ ಮಾಡುವಾಗ ವೈ-ಫೈ ಗುಪ್ತಪದ ಕೊಡದಿರುವುದೇ ಮುಕ್ಕಾಲು ಕೆಲಸ. ಉಳಿದದ್ದು ನೋಂದಣಿ ಪರದೆಯನ್ನು ದಾಟುವುದು. ಕೋಬೊದಲ್ಲಿ ಅದು ಒಂದು ಸಾಲಿನ ಕೆಲಸ.

ಆನ್ ಮಾಡಿ ಭಾಷೆ ಆರಿಸಿ. ವೈ-ಫೈ ಕೇಳಿದಾಗ, ತಮ್ಮಲ್ಲಿ ವೈ-ಫೈ ಇಲ್ಲ ಎನ್ನುವ ಸಣ್ಣ ಅಕ್ಷರದ ಆಯ್ಕೆಯನ್ನು ಒತ್ತಿದರೆ ಕಂಪ್ಯೂಟರಿಗೆ ಜೋಡಿಸಲು ಹೇಳುತ್ತದೆ. ಯುಎಸ್‌ಬಿ ಕೇಬಲ್ ಹಾಕಿ. ಚಾರ್ಜ್ ಆಗುತ್ತಿದ್ದರೂ ಕಂಪ್ಯೂಟರಿನಲ್ಲಿ ಡ್ರೈವ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ವಿದ್ಯುತ್ತನ್ನಷ್ಟೇ ಸಾಗಿಸುವ, ಡೇಟಾ ತಂತಿಯೇ ಇಲ್ಲದ ಕೇಬಲ್‌ಗಳು ಎಲ್ಲರ ಮನೆಯಲ್ಲೂ ಇವೆ. ಡ್ರೈವ್ ತೆರೆದ ಮೇಲೆ, ಹೆಸರಿನ ಮೊದಲಿಗೆ ಚುಕ್ಕೆಯಿರುವ 'ಕೋಬೊ' ಫೋಲ್ಡರ್ ಹುಡುಕಿ. ಅದು ಮರೆಯಲ್ಲಿರುತ್ತದೆ: ವಿಂಡೋಸ್‌ನಲ್ಲಿ ವ್ಯೂ ಮೆನುವಿನಿಂದ ಹಿಡನ್ ಐಟಮ್ಸ್, ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು ಚುಕ್ಕೆ ಕೀಲಿಗಳು ಒಟ್ಟಿಗೆ, ಲಿನಕ್ಸ್‌ನ ಬಹುತೇಕ ಫೈಲ್ ಮ್ಯಾನೇಜರ್‌ಗಳಲ್ಲಿ ಕಂಟ್ರೋಲ್ ಮತ್ತು ಎಚ್. ಬೇರೇನೂ ಮುಟ್ಟುವ ಮೊದಲು ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ಮುಂದೆ ಏನು ಕೆಟ್ಟರೂ ಈ ನಕಲು ಕಾಯುತ್ತದೆ.

ಅದರೊಳಗೆ ಚುಕ್ಕೆಯಿಲ್ಲದ ಇನ್ನೊಂದು 'ಕೋಬೊ' ಫೋಲ್ಡರ್, ಅದರಲ್ಲಿ 'ಕೋಬೊ ಇರೀಡರ್' ಹೆಸರಿನ ಕಾನ್ಫ್ ಫೈಲ್, ಅಂದರೆ ಸೆಟ್ಟಿಂಗ್‌ಗಳ ಫೈಲ್. ನೋಟ್‌ಪ್ಯಾಡಿನಂಥ ಸರಳ ಎಡಿಟರಿನಲ್ಲಿ ತೆರೆಯಿರಿ, ವರ್ಡ್‌ನಲ್ಲಿ ಬೇಡ. ಚೌಕ ಆವರಣದೊಳಗೆ 'ಅಪ್ಲಿಕೇಶನ್ ಪ್ರಿಫರೆನ್ಸಸ್' ಎಂಬ ತಲೆಬರಹವಿದೆ. ಅದರ ಕೆಳಗೆ ಹೊಸ ಸಾಲಿನಲ್ಲಿ 'ಸೈಡ್‌ಲೋಡೆಡ್ ಮೋಡ್', ಸಮ ಚಿಹ್ನೆ, 'ಟ್ರೂ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಮೊದಲ ಎರಡು ಪದಗಳು ಕೂಡಿಕೊಂಡಿರಬೇಕು, ಎಸ್ ಮತ್ತು ಎಂ ದೊಡ್ಡಕ್ಷರ, ಟ್ರೂ ಪೂರ್ತಿ ಸಣ್ಣಕ್ಷರ, ಎಲ್ಲೂ ಖಾಲಿ ಜಾಗ ಬೇಡ. ಆ ತಲೆಬರಹ ಇಲ್ಲದಿದ್ದರೆ ಮಾತ್ರ ಫೈಲಿನ ಕೊನೆಗೆ ಸೇರಿಸಿ. ಇದ್ದಾಗಲೂ ಇನ್ನೊಂದು ಬರೆದರೆ ಸಾಧನ ಯಾವುದನ್ನು ನಂಬುತ್ತದೆಂದು ಹೇಳಲಾಗದು. ಫೈಲನ್ನು ಅದೇ ಹೆಸರಿನಲ್ಲಿ ಉಳಿಸಿ. 'ಸೇವ್ ಆ್ಯಸ್' ಒತ್ತಿದರೆ ಬಾಲಕ್ಕೆ ಟಿಎಕ್ಸ್‌ಟಿ ಸೇರಿಕೊಂಡು, ಮಾಡಿದ್ದೆಲ್ಲ ವ್ಯರ್ಥ. ನಂತರ ಇಜೆಕ್ಟ್ ಮಾಡಿಯೇ ಕೇಬಲ್ ತೆಗೆಯಿರಿ. ಈ ಡ್ರೈವ್ ಫ್ಯಾಟ್32 ಮಾದರಿಯದು, ಬರೆಯುತ್ತಿರುವಾಗ ಎಳೆದರೆ ಫೈಲುಗಳು ಹಾಳಾಗುತ್ತವೆ. ರೀಸ್ಟಾರ್ಟ್ ಆದ ಮೇಲೆ ಅಂಗಡಿಯೂ ಶಿಫಾರಸುಗಳೂ ಇಲ್ಲದ, ತಮ್ಮ ಪುಸ್ತಕಗಳಷ್ಟೇ ಇರುವ ಮುಖಪುಟ ಬರುತ್ತದೆ. ನನಗಂತೂ ಈ ಸಾಧನಗಳು ಮೊದಲಿನಿಂದ ಹೀಗೇ ಇರಬೇಕಿತ್ತು ಅನಿಸುತ್ತದೆ.

ಮತ್ತೆ ನೋಂದಣಿ ಪರದೆಯೇ ಬಂದರೆ ಸಾಲು ತಪ್ಪು ತಲೆಬರಹದ ಕೆಳಗಿದೆ, ಇಲ್ಲವೇ ಆ ಸೌಲಭ್ಯ ಬರುವ ಮೊದಲಿನ ಹಳೆಯ ಫರ್ಮ್‌ವೇರ್ (ಸಾಧನದ ಒಳ ತಂತ್ರಾಂಶ) ಅದು. ಎರಡನೆಯದಕ್ಕೆ ಹಳೆಯ ದಾರಿಯೇ ಗತಿ. ಚುಕ್ಕೆಯ ಕೋಬೊ ಫೋಲ್ಡರಿನಲ್ಲಿರುವ 'ಕೋಬೊರೀಡರ್' ಡೇಟಾಬೇಸ್ ಫೈಲನ್ನು ಕಂಪ್ಯೂಟರಿಗೆ ನಕಲಿಸಿ, ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, 'ಯೂಸರ್' ಟೇಬಲಿಗೆ ಒಂದು ಸಾಲು ಸೇರಿಸಿ: ಯೂಸರ್ ಐಡಿಗೆ 1, ಯೂಸರ್ ಕೀ ಖಾಲಿ. 'ರೈಟ್ ಚೇಂಜಸ್' ಒತ್ತಲು ಮರೆಯುವವರೇ ಹೆಚ್ಚು. ಒತ್ತದಿದ್ದರೆ ಬದಲಾವಣೆ ಫೈಲಿಗೆ ಇಳಿಯುವುದೇ ಇಲ್ಲ. ಫೈಲನ್ನು ಅದರ ಜಾಗಕ್ಕೆ ಮರಳಿಸಿದರೆ, ಬಳಕೆದಾರ ಇದ್ದಾನೆಂದು ನಂಬಿ ಸಾಧನ ಒಳಗೆ ಬಿಡುತ್ತದೆ.

ಮುಂದೆ ಎಂದಾದರೂ ವೈ-ಫೈ ಬಳಸುವ ಯೋಚನೆಯಿದ್ದವರು ಅದೇ ಡೇಟಾಬೇಸಿನಲ್ಲಿ ಒಂದು ಟ್ರಿಗರ್, ಅಂದರೆ ತಾನಾಗಿಯೇ ಜಾರಿಯಾಗುವ ಆದೇಶ, ಬರೆದಿಡುವುದು ಒಳ್ಳೆಯದು: ಅನಲಿಟಿಕ್ಸ್ ಇವೆಂಟ್ಸ್ ಟೇಬಲಿಗೆ ಹೊಸ ಸಾಲು ಸೇರಿದ ಕೂಡಲೇ ಆ ಟೇಬಲನ್ನು ಬರಿದು ಮಾಡು, ಅಷ್ಟೇ. ಪಕ್ಕದಲ್ಲಿ 'ಇವೆಂಟ್' ಎಂಬ ಬೇರೊಂದು ಟೇಬಲಿದೆ, ಹೆಸರಿನ ಹೋಲಿಕೆಯಿಂದ ಅದನ್ನೂ ಅಳಿಸಬೇಡಿ. ಎಷ್ಟು ಓದಿದಿರಿ ಎಂದು ತಮಗೇ ತೋರಿಸುವ ಲೆಕ್ಕ ಅದರಲ್ಲಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಡೇಟಾಬೇಸ್ ಹೊಸದಾಗಿ ಹುಟ್ಟುತ್ತದೆ. ಆಗ ಟ್ರಿಗರೂ ಹೋಯಿತು, ಆ ಒಂದು ಸಾಲೂ ಹೋಯಿತು, ಎಲ್ಲ ಮೊದಲಿನಿಂದ.

ಕಂಪನಿಯ ಸರ್ವರ್ ವಿಳಾಸಗಳನ್ನು ಸಾಧನವು ವಿಳಾಸ ಹುಡುಕುವಾಗ ನೋಡುವ ಹೋಸ್ಟ್ಸ್ ಫೈಲಿನಲ್ಲಿ ತಡೆಯುವುದು ಇನ್ನೊಂದು ಉಪಾಯ. ನಾನಾದರೆ ಆ ಕೆಲಸವನ್ನು ರೌಟರಿನಲ್ಲಿ ಮಾಡಿ ಎನ್ನುತ್ತೇನೆ. ಹೋಸ್ಟ್ಸ್ ಬದಲಿಸಲು 'ಕೋಬೊರೂಟ್' ಹೆಸರಿನ ಟಿಜಿಜೆಡ್ ಕಟ್ಟನ್ನು (ಹಲವು ಫೈಲುಗಳನ್ನು ಒತ್ತಿ ಒಂದಾಗಿಸಿದ ಫೈಲು) ಚುಕ್ಕೆಯ ಕೋಬೊ ಫೋಲ್ಡರಿಗೆ ಹಾಕಬೇಕಾಗುತ್ತದೆ. ಸಾಧನ ಅದನ್ನು ಮರುಪ್ರಶ್ನಿಸದೆ ರೂಟ್, ಅಂದರೆ ಪೂರ್ಣ, ಅಧಿಕಾರದಲ್ಲಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಹಾದಿ ಒಂದಿಷ್ಟು ತಪ್ಪಿದರೂ ವ್ಯವಸ್ಥೆಯ ಫೈಲಿನ ಮೇಲೆಯೇ ಬರೆದುಬಿಡುತ್ತದೆ. ಊರು, ಹೆಸರು ಗೊತ್ತಿರದ ಯಾರೋ ಹಂಚುವ ಕೋಬೊರೂಟ್ ಕಟ್ಟನ್ನು ಹಾಕಲೇಬಾರದು ಎನ್ನುವುದೂ ಇದಕ್ಕೇ. ರೌಟರಿನಲ್ಲೂ ಕಣ್ಣುಮುಚ್ಚಿ ಎಲ್ಲವನ್ನೂ ತಡೆದರೆ, ಇಂಟರ್ನೆಟ್ಟೇ ಇಲ್ಲವೆಂದು ತಿಳಿದು ಸಾಧನ ವೈ-ಫೈ ಕಡಿದುಕೊಳ್ಳಬಹುದು.

ಕಂಪನಿಯ ಓದುವ ತಂತ್ರಾಂಶವೇ ಬೇಡ ಎನ್ನುವವರಿಗೆ ಕೆಒರೀಡರ್ ಇದೆ. ಮುಕ್ತ ತಂತ್ರಾಂಶ, ಕೋಬೊ, ಪಾಕೆಟ್‌ಬುಕ್, ಜೈಲ್‌ಬ್ರೇಕ್ ಆದ ಕಿಂಡಲ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ. ಇಪಬ್, ಪಿಡಿಎಫ್, ಡೆಜಾವು ಓದುತ್ತದೆ, ಓದಿನ ಅಂಕಿ ಅಂಶ ಸಾಧನದಲ್ಲೇ ಉಳಿಯುತ್ತದೆ. ಕೋಬೊದಲ್ಲಿ ಇದನ್ನು ತೆರೆಯಲು ನಿಕಲ್‌ಮೆನುವಿನಂಥ ಒಂದು ಪುಟ್ಟ ಜೋಡಣೆ ಬೇಕು. ಇವೆರಡನ್ನೂ ಹಾಕುವ ಮೊದಲು, ಮರೆಯ ಫೋಲ್ಡರ್‌ಗಳನ್ನು ತಡಕಬೇಡ ಎಂದು ಸಾಧನಕ್ಕೆ ಹೇಳುವ 'ಎಕ್ಸ್‌ಕ್ಲೂಡ್ ಸಿಂಕ್ ಫೋಲ್ಡರ್ಸ್' ಸಾಲನ್ನು ಅದೇ ಕಾನ್ಫ್ ಫೈಲಿನ 'ಫೀಚರ್ ಸೆಟ್ಟಿಂಗ್ಸ್' ಕೆಳಗೆ ಸೇರಿಸಬೇಕು. ಇಲ್ಲದಿದ್ದರೆ ಕೆಒರೀಡರಿನ ಐಕಾನ್ ಚಿತ್ರಗಳೆಲ್ಲ ಪುಸ್ತಕಗಳ ವೇಷದಲ್ಲಿ ಕಪಾಟಿಗೆ ಬಂದು ಕೂರುತ್ತವೆ. ಆ ಸಾಲು ಚಿಹ್ನೆಗಳ ಗೋಜಲು. ಅಳವಡಿಕೆ ಸೂಚನೆಯಿಂದ ನಕಲಿಸಿ ಅಂಟಿಸಿ, ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ. ಇನ್ನೊಂದು ವಿಷಯ: ಕೆಒರೀಡರ್ ಪ್ರತಿ ಪುಸ್ತಕದ ಪಕ್ಕದಲ್ಲಿ ಎಸ್‌ಡಿಆರ್ ಬಾಲದ ಫೋಲ್ಡರ್ ಮಾಡಿ, ತಾವು ಗೆರೆ ಎಳೆದ ಸಾಲು, ಬರೆದ ಟಿಪ್ಪಣಿಗಳನ್ನು ಅಲ್ಲಿಡುತ್ತದೆ. ಸಾಧನವನ್ನು ಬೇರೆಯವರಿಗೆ ಕೊಡುವಾಗ ಕಂಪನಿಯ ಕಣ್ಣು ತಪ್ಪಿಸಿದ್ದೆಲ್ಲ ಅವರ ಕೈಗೆ ಹೋಗದಿರಲಿ.

ಕಿಂಡಲ್ ವಿಷಯ ಬೇರೆ. ನೋಂದಾಯಿಸದೆ ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಯುಎಸ್‌ಬಿಯಿಂದ 'ಡಾಕ್ಯುಮೆಂಟ್ಸ್' ಫೋಲ್ಡರಿಗೆ ಪುಸ್ತಕ ಹಾಕಿ ಓದಬಹುದು, ಆದರೆ ಪುಸ್ತಕಗಳನ್ನು ಗುಂಪು ಮಾಡುವ ಕಲೆಕ್ಷನ್ ಸೌಲಭ್ಯ ಸಿಗುವುದಿಲ್ಲ. ಯುಎಸ್‌ಬಿಯಲ್ಲಿ ಹಾಕಿದ ಇಪಬ್ ಅದಕ್ಕೆ ಓದಲು ಬಾರದು, ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ಕಿಂಡಲ್ ಓದಬಲ್ಲ ಎಜೆಡ್‌ಡಬ್ಲ್ಯೂ3 ರೂಪಕ್ಕೆ ಪರಿವರ್ತಿಸಬೇಕು. ಇಪಬ್ ಕಳಿಸಲು ಸುಲಭವೆಂದು ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆ ಬಳಸಿದರೆ ಪುಸ್ತಕ ಅಮೆಜಾನ್ ಸರ್ವರ್ ಹಾದೇ ಬರುತ್ತದೆ, ಅಲ್ಲಿಗೆ ಗುಟ್ಟು ಮುಗಿಯಿತು. 2024ರ ಮಾದರಿಗಳು ಡ್ರೈವ್ ಆಗಿ ಕಾಣದೆ ಎಂಟಿಪಿ ಎಂಬ ಬೇರೆ ವಿಧಾನದಲ್ಲಿ ಜೋಡಣೆಯಾಗುವುದರಿಂದ ಮ್ಯಾಕ್‌ನಲ್ಲಿ ಹೆಚ್ಚುವರಿ ತಂತ್ರಾಂಶ ಬೇಕು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಲ್ಲಿ ಹಾಕುವ ದಾರಿಯನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ಮುಚ್ಚಿತು. ಜೈಲ್‌ಬ್ರೇಕ್ ದಾರಿಗಳನ್ನು ಹೊಸ ಅಪ್‌ಡೇಟ್‌ಗಳು ಒಂದೊಂದಾಗಿ ಮುಚ್ಚುತ್ತವೆ. ವೈ-ಫೈ ಸಿಕ್ಕರೆ ಅಪ್‌ಡೇಟ್ ತಾನೇ ಇಳಿಯುತ್ತದೆ. ಖಾಸಗಿತನಕ್ಕಾಗಿಯೇ ಹೊಸದಾಗಿ ಕೊಳ್ಳುವವರಿಗೆ ಕಿಂಡಲ್ ಬೇಡ ಎಂದೇ ನನ್ನ ಸಲಹೆ. ಪಾಕೆಟ್‌ಬುಕ್‌ನಲ್ಲಿ ಈ ಯಾವ ಕಸರತ್ತೂ ಇಲ್ಲದೆ ಖಾತೆಯಿಲ್ಲದೆ ಓದಬಹುದು.

ನೋಂದಣಿ ಬಿಟ್ಟರೆ ಏನೇನು ಹೋಗುತ್ತದೆ ಎಂಬುದನ್ನೂ ಹೇಳಬೇಕು. ಕಂಪನಿಯ ಅಂಗಡಿಯಲ್ಲಿ ಕೊಂಡ, ಡಿಆರ್‌ಎಂ ಎಂಬ ನಕಲು ತಡೆಯುವ ಬೀಗವಿರುವ ಪುಸ್ತಕ ತೆರೆಯುವುದಿಲ್ಲ, ಸಾಧನದಿಂದಲೇ ಗ್ರಂಥಾಲಯದ ಎರವಲು ಪಡೆಯಲಾಗದು. ಮೇಲೆ ಹೇಳಿದ ಯಾವ ವಿಧಾನವೂ ಡಿಆರ್‌ಎಂ ಮುರಿಯುವಂಥದ್ದಲ್ಲ. ಗಡಿಯಾರವನ್ನು ಕೈಯಿಂದಲೇ ಸರಿಪಡಿಸಬೇಕು. ನಿಘಂಟುಗಳನ್ನು ಜಿಪ್ ರೂಪದಲ್ಲೇ, ಬಿಚ್ಚದೆ, ಚುಕ್ಕೆಯ ಕೋಬೊ ಫೋಲ್ಡರಿನೊಳಗಿನ 'ಡಿಕ್ಟ್' ಫೋಲ್ಡರಿಗೆ ಹಾಕಬೇಕು. ಫರ್ಮ್‌ವೇರ್ ಅಪ್‌ಡೇಟ್ ಮಾತ್ರ ಇದಕ್ಕೆ ಉಲ್ಟಾ: ಜಿಪ್ ಬಿಚ್ಚಿ ಒಳಗಿದ್ದದ್ದನ್ನು ಚುಕ್ಕೆಯ ಕೋಬೊ ಫೋಲ್ಡರಿಗೇ ಹಾಕಿ ಇಜೆಕ್ಟ್ ಮಾಡಬೇಕು. ತಮ್ಮ ಮಾದರಿಯದೇ ಫೈಲು ಎಂದು ಎರಡು ಸಲ ನೋಡಿಕೊಳ್ಳಿ. ದೊಡ್ಡ ಅಪ್‌ಡೇಟ್ ಬಳಿಕ ನಿಕಲ್‌ಮೆನು ಕಾಣದಿದ್ದರೆ ಮತ್ತೆ ಹಾಕಿದರಾಯಿತು.

ಈಗಾಗಲೇ ನೋಂದಾಯಿಸಿದವರು ಸಾಧನದಲ್ಲಿ ಸೈನ್ ಔಟ್ ಮಾಡಿದ ಮಾತ್ರಕ್ಕೆ ಸರ್ವರಿನಲ್ಲಿರುವ ಹಳೆಯ ದಾಖಲೆ ಅಳಿಯುವುದಿಲ್ಲ. ಖಾತೆಯನ್ನೇ ಅಳಿಸುವಂತೆ ಕಂಪನಿಗೆ ಬೇರೆಯಾಗಿ ಬರೆಯಬೇಕು. ಅದಕ್ಕೂ ಮೊದಲು ಪುಸ್ತಕ, ಟಿಪ್ಪಣಿಗಳ ನಕಲು ಇಟ್ಟುಕೊಳ್ಳಿ. ಬಳಸಿದ ಸಾಧನ ಕೊಳ್ಳುವಾಗ, ಮಾರುವವರು ತಮ್ಮ ಖಾತೆಯಿಂದ ಅದನ್ನು ತೆಗೆದ ಮೇಲೆಯೇ ಹಣ ಕೊಡಿ.

ತಾವು ಮುಂದೆ ಇಂಥ ಸಾಧನಗಳ ವಿಮರ್ಶೆ ಪ್ರಕಟಿಸುವಾಗ, ಖಾತೆಯಿಲ್ಲದೆ ಮುಖಪುಟ ತೆರೆಯುತ್ತದೆಯೇ, ವೈ-ಫೈ ಇಲ್ಲದೆ ನಿಘಂಟು ಮತ್ತು ಫಾಂಟ್ ಹಾಕಬಹುದೇ, ಯುಎಸ್‌ಬಿಗೆ ಜೋಡಿಸಿದರೆ ಡ್ರೈವ್ ಆಗಿ ಕಾಣುತ್ತದೆಯೇ ಎಂಬ ಮೂರನ್ನು ಪರೀಕ್ಷಿಸಿ ಬರೆಯುವಂತೆ ತಮ್ಮ ಲೇಖಕರಿಗೆ ತಿಳಿಸಬೇಕೆಂದು ಕೋರುತ್ತೇನೆ. ಮೂರಕ್ಕೂ ಸೇರಿ ಅರ್ಧ ಗಂಟೆ ಹಿಡಿಯಲಿಕ್ಕಿಲ್ಲ.

ಇತಿ,
ತಮ್ಮ ಓದುಗ